ಹುಡುಗ ಏನು ಮಾಡುತ್ತಾನೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುವಾರದಿಂದ ನಮ್ಮ ಮನೆಗೆ ತಾಯಂದಿರು ಬರತೊಡಗುತ್ತಾರೆ. ರಾಜಗೋಪಾಲನಗರಕ್ಕೆ ನಾವು ಬಂದು ಇಪ್ಪತ್ತೆಂಟು ವರ್ಷವಾಯಿತು. ಹತ್ತಿರದ ಶಾಲೆಯೊಂದರಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುವ ನನಗೆ ಈ ಬೀದಿಗಳಲ್ಲಿ ಶಿಷ್ಯರಿಲ್ಲದ ವಠಾರ ಇಲ್ಲವೆಂದೇ ಹೇಳಬೇಕು. ಅಪ್ಪಂದಿರು ಬರುವುದು ಅಪರೂಪ. ಅವರು ಪೀಣ್ಯದ ಯಾವುದೋ ಷೆಡ್ಡಿನಲ್ಲಿ ಸೆಕೆಂಡ್ ಶಿಫ್ಟಿನಲ್ಲಿರುತ್ತಾರೆ, ಇಲ್ಲವೆ ಮಗನನ್ನು ಎಲ್ಲಿಗೆ ಸೇರಿಸಬೇಕೆಂದು ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ತಾಯಂದಿರು ಮಾತ್ರ ಗಾರ್ಮೆಂಟ್ಸ್ ಬಿಟ್ಟ ಮೇಲೆ ಸಂಜೆ ಆರೂವರೆಗೆ, ಅಂಕಪಟ್ಟಿಯ ಜೆರಾಕ್ಸ್ ಹಿಡಿದುಕೊಂಡು, ಚಪ್ಪಲಿಯನ್ನು ಗೇಟಿನಾಚೆಗೇ ಬಿಟ್ಟು ಒಳಗೆ ಬರುತ್ತಾರೆ. ‘ಕಾಮರ್ಸಾ, ಸೈನ್ಸಾ ಮಿಸ್?’ ಎಂದು ಕೇಳುತ್ತಾರೆ. ನಾನು ಅಂಕಪಟ್ಟಿಯ ಮೇಲೆ ಕಣ್ಣಾಡಿಸಿ ಎರಡು ನಿಮಿಷದಲ್ಲಿ ಹೇಳಿಬಿಡುತ್ತೇನೆ. ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಹಾಗೆ ಹೇಳಿದೆನೋ, ಅವರಲ್ಲಿ ಎಷ್ಟು ಜನಕ್ಕೆ ನನ್ನ ಮಾತಿನಿಂದ ಒಳ್ಳೆಯದಾಯಿತೋ ಲೆಕ್ಕವಿಟ್ಟಿಲ್ಲ. ಡಾಕ್ಟರ ಔಷಧಿ ತಪ್ಪಿದರೆ ರೋಗಿ ಮತ್ತೆ ಅವರ ಬಾಗಿಲಿಗೇ ಬರುತ್ತಾನೆ. ಟೀಚರ ಸಲಹೆ ತಪ್ಪಿದರೆ ಯಾರೂ ಬಂದು ಹೇಳುವುದಿಲ್ಲ.

ಹೋದ ವರ್ಷ ಬಂದ ಒಬ್ಬಾಕೆಯಿಂದ ನನ್ನ ಈ ಸಲೀಸು ಕೆಟ್ಟಿತು. ಕುಣಿಗಲ್ ಕಡೆಯವರು. ಪೀಣ್ಯ ಎರಡನೇ ಹಂತದ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುವ ಕೆಲಸ. ಮಗ ನನ್ನ ಶಿಷ್ಯ; ಶೇಕಡ 58 ಬಂದಿತ್ತು. ಕನ್ನಡದಲ್ಲಿ ಪರವಾಗಿಲ್ಲ, ಗಣಿತದಲ್ಲಿ ಹೇಗೋ ದಡ ಮುಟ್ಟಿದ್ದ. ಎಂಟನೇ ತರಗತಿಯಿಂದಲೂ ರಜೆ ಸಿಕ್ಕಿತೆಂದರೆ ತುಮಕೂರು ರಸ್ತೆಯ ಬದಿಯ ಲಾರಿ ಗ್ಯಾರೇಜೊಂದರ ಮುಂದೆ ಹೋಗಿ ನಿಂತುಬಿಡುತ್ತಿದ್ದ. ಆ ವಯಸ್ಸಿನ ಮಕ್ಕಳಿಗೆ ಅಲ್ಲೇನು ಕೆಲಸ ಎಂದು ನಾನೇ ಎರಡು ಸಲ ಬೈದು ಕಳಿಸಿದ್ದೆ.

‘ಇವ್ನು ಐಟಿಐಗೆ ಹೋಗಿ ಡೀಸಲ್ ಮೆಕ್ಯಾನಿಕ್ ಕಲೀತೀನಿ ಅಂತಾನೆ ಮಿಸ್. ಅವರಪ್ಪ ಪಿಯುಸಿಗೇ ಸೇರ್ಬೇಕು ಅಂತಾರೆ. ನಮ್ಮ ಲೈನಲ್ಲಿ ಕೆಲಸ ಮಾಡೋರೆಲ್ಲ, ಇನ್ಮೇಲೆ ಕರೆಂಟ್ ಬಸ್ಸೇ ಅಂತೆ, ಡೀಸಲ್ ಕಲ್ತು ಏನ್ ಮಾಡ್ತಾನೆ ಅಂತಾರೆ. ನೀವು ತಿಳಿದೋರು. ನಿಮ್ಮ ಮಗನೇ ಅಂದ್ಕೊಂಡು ಒಂದು ಮಾತು ಹೇಳಿ.’

ಹುಡುಗ ಬಾಗಿಲ ಹತ್ತಿರ ನಿಂತಿದ್ದ. ನಾನು ಬಾಯಿ ತೆರೆದವಳು ಸುಮ್ಮನಾದೆ. ‘ಮುಂದಿನ ಭಾನುವಾರ ಬನ್ನಿ, ವಿಚಾರಿಸಿ ಹೇಳ್ತೀನಿ’ ಎಂದು ಕಳಿಸಿದೆ.

ನನ್ನನ್ನು ತಡೆದದ್ದು ‘ನಿಮ್ಮ ಮಗನೇ ಅಂದ್ಕೊಂಡು’ ಎಂಬ ಮಾತು. ನನ್ನ ಮಗನ ವಿಷಯ ಎಂದೋ ತೀರ್ಮಾನವಾಗಿ ಹೋಗಿದೆ. ಅವನೂ ಹತ್ತನೇ ತರಗತಿಯಲ್ಲಿದ್ದಾಗ ಮಿಕ್ಸಿ ಬಿಚ್ಚುವುದು, ಅಪ್ಪನ ಸ್ಕೂಟರಿನ ಕಾರ್ಬೊರೇಟರ್ ಕಳಚುವುದು ಮಾಡುತ್ತಿದ್ದ. ನಮ್ಮ ಮನೆಯವರು ಪೀಣ್ಯದಲ್ಲಿ ಟೂಲ್ ರೂಮಿನಲ್ಲಿದ್ದವರು. ‘ಡಿಪ್ಲೊಮಾಗೆ ಸೇರಿಸೋಣ, ಕೈಯಲ್ಲಿ ಕೆಲಸ ಇದೆ ಅವನಿಗೆ’ ಎಂದರು. ನಾನು ಒಪ್ಪಲಿಲ್ಲ. ಪಿಯುಸಿ ಸೈನ್ಸ್, ಆಮೇಲೆ ಬಿಇ, ಈಗ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿ. ಚೆನ್ನಾಗಿದ್ದಾನೆ. ಅಂದರೆ ಆ ತಾಯಿಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ‘ಬೇಡ’ ಎಂಬುದೇ ಆಗಿತ್ತು. ಆದರೆ ನನ್ನ ಬಾಯಿಗೆ ಬಂದಿದ್ದ ಮಾತು ‘ಸೇರಿಸಿ, ಒಳ್ಳೇದೇ’ ಎಂಬುದು. ಆ ಕ್ಷಣದಲ್ಲಿ ನನಗೇ ಆಶ್ಚರ್ಯವಾಯಿತು. ಬೇರೆಯವರ ಮಗನಿಗೆ ಒಳ್ಳೆಯದಾದದ್ದು ನನ್ನ ಮಗನಿಗೆ ಏಕೆ ಒಳ್ಳೆಯದಾಗಿರಲಿಲ್ಲ? ಶೇಕಡ 58ಕ್ಕೆ ಅಷ್ಟೇ ಎನ್ನಬಹುದು. ನನ್ನ ಮಗನಿಗೆ ಬಂದದ್ದು ಶೇಕಡ 63. ಐದು ಅಂಕದ ಅಂತರವನ್ನು ತುಂಬಿದ್ದು ಟ್ಯೂಷನ್ ಫೀಸು ಮತ್ತು ಡೊನೇಷನ್ನು.

ಇನ್ನೊಂದು ವಿಷಯ ಹೇಳಿಕೊಳ್ಳಬೇಕು. ತರಗತಿಯಲ್ಲಿ ಹೋಂವರ್ಕ್ ಮಾಡದ ಹುಡುಗರಿಗೆ ನಾನು ಹೇಳುತ್ತಿದ್ದ ಮಾತು ಒಂದಿತ್ತು. ‘ಓದಬೇಡ, ಗ್ಯಾರೇಜಿಗೆ ಹೋಗಿ ಸ್ಪ್ಯಾನರ್ ಹಿಡ್ಕೊ.’ ನನ್ನ ಟೀಚರೂ ಅದನ್ನೇ ಹೇಳುತ್ತಿದ್ದರು. ಆಗ ಗ್ಯಾರೇಜಿನ ಬದಲು ಎಮ್ಮೆ ಇತ್ತು, ಅಷ್ಟೆ. ಅದೇ ವಾರ ಅದೇ ತರಗತಿಯಲ್ಲಿ ಹನ್ನೆರಡನೆಯ ಶತಮಾನದ ಶರಣರ ಪಾಠ ಬರುತ್ತಿತ್ತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ: ನೋಡಿ ಮಕ್ಕಳೇ, ಕಸುಬನ್ನೇ ಹೆಸರಿನ ಮುಂದೆ ಹೆಮ್ಮೆಯಿಂದ ಇಟ್ಟುಕೊಂಡವರು. ಗಂಡ ಮಾರಯ್ಯ ಆಯ್ದು ತಂದ ಅಕ್ಕಿ ದಿನದ ಪಾಲಿಗಿಂತ ಹೆಚ್ಚಾಯಿತೆಂದು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ಹಿಂದಿನ ಬೆಂಚಿನವರೂ ಗಲಾಟೆ ನಿಲ್ಲಿಸುತ್ತಿದ್ದರು. ಪರೀಕ್ಷೆಯಲ್ಲಿ ಕಾಯಕದ ಮಹತ್ವ ಬರೆಯಿರಿ ಎಂದರೆ ನಾಲ್ಕು ಅಂಕ. ಒಂದು ದಿನ ಗ್ಯಾರೇಜಿನ ಬೈಗುಳ ಬಾಯಿಂದ ಬಿದ್ದ ಮೇಲೆ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಸಿಟ್ಟೂ ಇಲ್ಲದೆ ಅಳುವೂ ಇಲ್ಲದೆ, ‘ಮಿಸ್, ನಮ್ಮಪ್ಪ ಗ್ಯಾರೇಜಲ್ಲೇ ಕೆಲಸ ಮಾಡೋದು’ ಎಂದಳು. ಕೂತ್ಕೊ ಎಂದೆ. ಬೇರೇನು ಹೇಳಲೂ ತೋಚಲಿಲ್ಲ. ಆ ಬೈಗುಳವನ್ನು ಮಾತ್ರ ಅಂದಿನಿಂದ ಬಿಟ್ಟೆ.

ಗ್ರೀಸಿನ ಕೈಯೆಂದರೆ ನಮ್ಮ ಮನೆತನದಲ್ಲಿ ಅಸಡ್ಡೆ ಇತ್ತೆಂದೂ ಅಲ್ಲ. ನನ್ನ ಸೋದರಮಾವ ತುಮಕೂರು ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮೈಸೂರು ಸಂಸ್ಥಾನದ ಸರ್ಕಾರಿ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳೊಡನೆ ಶುರುವಾಯಿತಂತೆ. ಅದೇ 1961ರಲ್ಲಿ ನಿಗಮವಾಯಿತು, ಈಗ ನಾವೆಲ್ಲ ಕೆಎಸ್‌ಆರ್‌ಟಿಸಿ ಎನ್ನುವುದು. ಮಾವ ರಾತ್ರಿ ಪಾಳಿ ಮುಗಿಸಿ ಖಾಕಿ ಬಟ್ಟೆಯಲ್ಲಿ ಬಂದರೆ ಹಿತ್ತಲಲ್ಲಿ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಆಮೇಲೆ ಮರದ ಹೊಟ್ಟಿಗೆ ಸೋಪಿನ ಪುಡಿ ಬೆರೆಸಿ ಉಜ್ಜಿ, ಕೊನೆಗೆ ಅತ್ತೆ ಸುರಿಯುವ ಬಿಸಿನೀರಿನಲ್ಲಿ ತೊಳೆಯುತ್ತಿದ್ದರು. ಆದರೂ ಉಗುರಿನ ಸಂದಿ ಕಪ್ಪಾಗಿಯೇ ಇರುತ್ತಿತ್ತು. ಮದುವೆ ಮನೆಗಳಲ್ಲಿ ಅವರನ್ನು ಮೊದಲ ಪಂಕ್ತಿಗೇ ಕರೆಯುತ್ತಿದ್ದರು. ಯೋಚಿಸಿ ನೋಡಿದರೆ ಆ ಮರ್ಯಾದೆ ಅವರ ಕೈಗೆ ಸಿಕ್ಕಿದ್ದಲ್ಲ. ತಿಂಗಳ ಸಂಬಳಕ್ಕೆ, ಪ್ರಾವಿಡೆಂಟ್ ಫಂಡಿಗೆ, ಮನೆಯವರಿಗೆಲ್ಲ ಇದ್ದ ಬಸ್ ಪಾಸಿಗೆ. ಅದೇ ಗ್ರೀಸು ರಸ್ತೆ ಬದಿಯ ಷೆಡ್ಡಿನದಾಗಿದ್ದರೆ ಅವರೂ ಮೂರನೇ ಪಂಕ್ತಿಯವರೇ.

ವಿಚಾರಿಸಿ ಹೇಳುತ್ತೇನೆಂದ ಮೇಲೆ ವಿಚಾರಿಸಬೇಕಲ್ಲ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಆ ಹುಡುಗ ಹೋಗಿ ನಿಲ್ಲುತ್ತಿದ್ದ ಗ್ಯಾರೇಜಿಗೇ ಹೋದೆ. ಇಪ್ಪತ್ತೆಂಟು ವರ್ಷದಿಂದ ಆ ಸಾಲಿನ ಮುಂದೆ ಸೆರಗು ಹಿಡಿದುಕೊಂಡು ಬೇಗ ಬೇಗ ದಾಟಿದ್ದೇನೆಯೇ ಹೊರತು ಒಳಗೆ ಕಾಲಿಟ್ಟವಳಲ್ಲ. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಮುಂಭಾಗ ಎತ್ತಿದ್ದ ಲಾರಿಯೊಂದು ತಲೆಬಾಗಿ ನಮಸ್ಕಾರ ಮಾಡುವಂತೆ ನಿಂತಿತ್ತು. ಮೇಸ್ತ್ರಿಗೆ ಅರವತ್ತರ ಸಮೀಪ. ನಾನು ಟೀಚರೆಂದು ತಿಳಿದ ಕೂಡಲೆ ಹುಡುಗನೊಬ್ಬನಿಗೆ ಸನ್ನೆ ಮಾಡಿ ಸ್ಟೂಲು ಒರೆಸಿ ಹಾಕಿಸಿದರು. ಅದರ ಮೇಲೆ ಒಂದು ಪೇಪರನ್ನೂ ಹಾಸಿದರು. ನನ್ನ ಸೀರೆಯ ಬಗ್ಗೆ ನನಗಿಂತ ಅವರಿಗೇ ಹೆಚ್ಚು ಕಾಳಜಿ.

ಅವರಿಂದ ತಿಳಿದದ್ದನ್ನು, ಆಮೇಲೆ ನಮ್ಮ ಮನೆಯವರನ್ನು ಕೇಳಿ ಖಚಿತ ಮಾಡಿಕೊಂಡದ್ದನ್ನು ನಿಮಗೂ ಹೇಳುತ್ತೇನೆ. ನನ್ನಂತೆ ನಿಮಗೂ ಗೊತ್ತಿರಲಿಕ್ಕಿಲ್ಲ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಬೇಕು, ಡೀಸೆಲ್‌ಗೆ ಬೇಡ. ಗಾಳಿಯನ್ನು ಹದಿನಾರು ಹದಿನೇಳು ಪಾಲಿನಲ್ಲಿ ಒಂದು ಪಾಲಾಗುವಷ್ಟು ಅಮುಕಿದರೆ ಅದು ಐನೂರು ಡಿಗ್ರಿಗೂ ಮೇಲೆ ಕಾಯುತ್ತದೆ; ಅದರೊಳಗೆ ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಿಮ್ಮಿಸುವ ಪಂಪು ಮತ್ತು ನಾಜಲ್ಲೇ ಇದರ ಪ್ರಾಣ. ಆ ಪಂಪು ನಾಜಲ್ಲುಗಳನ್ನು ನಮ್ಮ ಬೆಂಗಳೂರಿನಲ್ಲೇ 1951ರಲ್ಲಿ ಶುರುವಾದ ಮೈಕೊ ಕಾರ್ಖಾನೆ ದೇಶಕ್ಕೆಲ್ಲ ಮಾಡಿಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ಮೇಸ್ತ್ರಿಯ ಬಾಯಲ್ಲಿ ಅದು ಇನ್ನೂ ‘ಮೈಕೊ ಪಂಪು’. ಡೀಸೆಲ್ ಎಂಬುದು ಎಣ್ಣೆಯ ಹೆಸರಲ್ಲ, ಮನುಷ್ಯನ ಹೆಸರೆಂಬುದು ಕೂಡ ನನಗೆ ಹೊಸದು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಇಂಜಿನಿಯರು 1897ರಲ್ಲಿ ಇದನ್ನು ಓಡಿಸಿ ತೋರಿಸಿದ. ದೊಡ್ಡ ಉಗಿಯಂತ್ರ ಇಟ್ಟ ಸಾಹುಕಾರರ ಮುಂದೆ ಸಣ್ಣ ಕಸುಬುದಾರರೂ ನಿಲ್ಲುವಂತಾಗಬೇಕು ಎಂಬ ಆಸೆ ಅವನಿಗಿತ್ತಂತೆ. 1913ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿದ್ದವನು ರಾತ್ರಿ ಕಾಣೆಯಾಗಿ ಸಮುದ್ರದ ಪಾಲಾದ.

ಮೇಸ್ತ್ರಿ ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳಿ ಎಂದರು. ಸಂಕೋಚದಿಂದಲೇ ಇಟ್ಟುಕೊಂಡೆ. ಹೊರಗೆ ಬರೀ ಗದ್ದಲವಾಗಿದ್ದದ್ದು ಒಳಗೆ ಒಂದೊಂದೇ ಬಡಿತವಾಗಿ ಕೇಳಿಸಿತು. ‘ನಾಲ್ಕನೇದು ಸ್ವಲ್ಪ ಕುಂಟ್ತಾ ಇದೆ, ಕೇಳಿಸ್ತಾ?’ ಎಂದರು. ನನಗೆ ಕೇಳಿಸಲಿಲ್ಲ. ‘ಆ ಹುಡುಗನಿಗೆ ಕೇಳಿಸುತ್ತೆ. ಆರು ತಿಂಗಳು ಇಲ್ಲೇ ಇರೋ ನನ್ನ ಹುಡುಗರಿಗೆ ಕೇಳಿಸಲ್ಲ’ ಎಂದರು.

‘ಹಾಗಾದ್ರೆ ಈ ಕೆಲಸಕ್ಕೆ ಮುಂದೆ ಕಾಲ ಇದೆಯಾ?’ ಎಂದೆ.

ಅವರು ತುಮಕೂರು ರಸ್ತೆಯ ಕಡೆ ಕೈ ತೋರಿಸಿದರು. ಲಾರಿ ಹಿಂದೆ ಲಾರಿ. ಅಷ್ಟು ಭಾರ ಹೊತ್ತು ಮುಂಬಯಿವರೆಗೆ ಹೋಗುವ ಗಾಡಿಗೆ ಬ್ಯಾಟರಿಯ ತೂಕವೇ ಒಂದು ಹೊರೆ; ಚಾರ್ಜಿಗೆ ನಿಲ್ಲಿಸುವ ಹೊತ್ತು ಬೇರೆ. ಜೆಸಿಬಿ, ಟ್ರ್ಯಾಕ್ಟರ್, ಕೊಳವೆಬಾವಿ ಲಾರಿ, ಕಾರ್ಖಾನೆಗಳ ಜನರೇಟರು, ಇವೆಲ್ಲ ಡೀಸೆಲ್ಲೇ. ಕೆಎಸ್‌ಆರ್‌ಟಿಸಿಯವರು ಹಳೆಯ ಬಸ್ಸುಗಳನ್ನು ತಮ್ಮ ವರ್ಕ್‌ಶಾಪಿನಲ್ಲೇ ಬಿಚ್ಚಿ ಹೊಸದರಂತೆ ಮಾಡಿ ಮತ್ತೆ ರಸ್ತೆಗೆ ಬಿಡುತ್ತಿದ್ದಾರೆ. ಈಗ ಕೊಂಡ ಲಾರಿ ಇನ್ನು ಹದಿನೈದು ವರ್ಷ ಓಡುತ್ತದೆ. ಆದರೆ ಕೆಲಸ ಮೊದಲಿನಂತಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸೆನ್ಸರುಗಳು, ಹೊಗೆ ಸೋಸುವ ಫಿಲ್ಟರು, ಜೊತೆಗೆ ಯೂರಿಯಾ ನೀರಿನ ಬೇರೆ ಟ್ಯಾಂಕು. ಆ ನೀರು ಮುಗಿದರೆ ಇಂಜಿನ್ನು ತಾನೇ ಶಕ್ತಿ ಇಳಿಸಿಕೊಳ್ಳುತ್ತದೆ. ಮೊದಲು ಕಿವಿ ಹೇಳುತ್ತಿದ್ದದ್ದನ್ನು ಈಗ ಸ್ಕ್ಯಾನರ್ ಹೇಳಬೇಕು. ಸ್ಕ್ಯಾನರಿಗೆ ದುಡ್ಡು ಬೇಕು, ಅದು ತೋರಿಸುವ ಇಂಗ್ಲಿಷ್ ಓದಲು ಬರಬೇಕು. ‘ಹೊಸ ಗಾಡಿ ಬಂದ್ರೆ ನಾನು ಕಂಪನಿ ಶೋರೂಮಿಗೇ ಕಳಿಸ್ತೀನಿ ಮೇಡಂ. ನನ್ನ ಕಾಲ ಹಳೇ ಗಾಡಿ ಇರೋವರೆಗೆ. ಅವನು ಕಲಿಯೋದಾದ್ರೆ ಒಂದು ವರ್ಷದ ಡೀಸಲ್ ಕೋರ್ಸ್ ಸಾಲದು, ಎರಡು ವರ್ಷದ ಮೋಟಾರ್ ವೆಹಿಕಲ್ ತಗೊಳ್ಳಲಿ. ವೈರಿಂಗ್ ಕಲೀಲಿ. ಬ್ರೇಕು, ಸ್ಟೇರಿಂಗು, ಕಮಾನು ಪಟ್ಟಿ ಕರೆಂಟ್ ಬಸ್ಸಿಗೂ ಬೇಕಲ್ಲ.’

ಕರೆಂಟ್ ಬಸ್ಸಿನ ವಿಷಯದಲ್ಲಿ ಅವರು ಹೇಳಿದ ಇನ್ನೊಂದು ಮಾತು ನನಗೆ ಹೊಳೆದೇ ಇರಲಿಲ್ಲ. ಬಿಎಂಟಿಸಿಯಲ್ಲಿ 2021ರ ಕೊನೆಯಿಂದ ಓಡುತ್ತಿರುವ ವಿದ್ಯುತ್ ಬಸ್ಸುಗಳು ಗುತ್ತಿಗೆಯವು. ಬಸ್ಸು ಕಂಪನಿಯದು, ಡ್ರೈವರು ಕಂಪನಿಯವರು, ರಿಪೇರಿಯೂ ಕಂಪನಿಯದೇ; ಕಂಡಕ್ಟರು ಮಾತ್ರ ಸಂಸ್ಥೆಯವರು. ಓಡಿದ ಕಿಲೋಮೀಟರಿಗೆ ಇಷ್ಟೆಂದು ಸಂಸ್ಥೆ ಹಣ ಕೊಡುತ್ತದೆ. ಅಂದರೆ ಇಂಜಿನ್ನಿನ ಜೊತೆಗೆ ನನ್ನ ಸೋದರಮಾವನ ಖಾಕಿಯೂ, ಪ್ರಾವಿಡೆಂಟ್ ಫಂಡೂ, ಮೊದಲ ಪಂಕ್ತಿಯೂ ಹೋಗುತ್ತಿದೆ. ನಾವು ಹೆಂಗಸರು 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಲ್ಲದೆ ಧರ್ಮಸ್ಥಳಕ್ಕೂ ತವರಿಗೂ ಓಡಾಡುತ್ತಿದ್ದೇವೆ. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ನಮ್ಮ ಬಸ್ಸಿನ ಬ್ರೇಕು ಹಿಡಿಯುವಂತೆ ಹಿಂದಿನ ರಾತ್ರಿ ನೋಡಿದವರು ಯಾರು, ಅವರ ಸಂಬಳವೆಷ್ಟು ಎಂದು ನಾನಂತೂ ಒಮ್ಮೆಯೂ ಯೋಚಿಸಿರಲಿಲ್ಲ.

ಹೊರಡುವ ಮುನ್ನ ಕೇಳಬಾರದಿತ್ತೇನೋ, ಕೇಳಿದೆ: ‘ನಿಮ್ಮ ಮಗನಿಗೂ ಕೆಲಸ ಕಲಿಸಿದ್ದೀರಾ?’

ಮೇಸ್ತ್ರಿ ಕಾಟನ್ ವೇಸ್ಟಿನಲ್ಲಿ ಕೈ ಒರೆಸಿಕೊಳ್ಳುತ್ತಾ ನಕ್ಕರು. ‘ಅವನು ಬಿಕಾಂ ಮೇಡಂ. ಇಲ್ಲೇ ಫ್ಯಾಕ್ಟರೀಲಿ ಅಕೌಂಟ್ಸ್ ನೋಡ್ತಾನೆ. ಸಂಪಾದನೆ ನಂದೇ ಜಾಸ್ತಿ. ಆದ್ರೆ ಹೆಣ್ಣು ನೋಡೋಕೆ ಹೋದಾಗ ಅಕೌಂಟೆಂಟ್ ಅಂದ್ರೆ ಕಾಫಿ ಕೊಡ್ತಾರೆ. ಮೆಕ್ಯಾನಿಕ್ ಅಂದ್ರೆ ಜಾತಕ ಕೂಡಿ ಬರ್ತಿಲ್ಲ ಅಂತಾರೆ.’

ಆ ಮಾತು ನನ್ನನ್ನು ಮನೆಯವರೆಗೂ ಅಟ್ಟಿಸಿಕೊಂಡು ಬಂತು. ಏಕೆಂದರೆ ಜಾತಕ ಕೂಡಿ ಬರುತ್ತಿಲ್ಲ ಎಂದವರಲ್ಲಿ ನಾನೂ ಒಬ್ಬಳು. 2011ರಲ್ಲಿ ತಿಪಟೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಒಂದು ಸಂಬಂಧ ಬಂದಿತ್ತು. ದಾಬಸ್‌ಪೇಟೆಯ ಹತ್ತಿರ ಹುಡುಗನದೇ ಲಾರಿ ಗ್ಯಾರೇಜು, ಕೈಕೆಳಗೆ ಐದಾರು ಜನ, ಸ್ವಂತ ಮನೆ, ಕುಡಿತವಿಲ್ಲ. ತಂಗಿ ಫೋನು ಮಾಡಿ ಅಭಿಪ್ರಾಯ ಕೇಳಿದಳು. ‘ಹುಡುಗ ಏನು ಮಾಡ್ತಾನೆ?’ ಎಂದೆ. ಹೇಳಿದಳು. ‘ಮೆಕ್ಯಾನಿಕ್ಕಾ?’ ಎಂದೆ. ಬೇಡವೆನ್ನಲಿಲ್ಲ, ಅಷ್ಟೇ ಅಂದೆ. ಆ ಒಂದು ಪದವನ್ನು ನಾನು ಹೇಳಿದ ರೀತಿಯಲ್ಲೇ ಆ ಸಂಬಂಧ ಮುಗಿಯಿತು. ಅವಳು ಆಮೇಲೆ ಖಾಸಗಿ ಫೈನಾನ್ಸ್ ಒಂದರಲ್ಲಿ ಗುಮಾಸ್ತನಾಗಿದ್ದವನನ್ನು ಮದುವೆಯಾಗಿ ಚೆನ್ನಾಗಿಯೇ ಇದ್ದಾಳೆ. ಆದ್ದರಿಂದ ಇದನ್ನು ಪಶ್ಚಾತ್ತಾಪದ ಕತೆಯನ್ನಾಗಿ ಮಾಡಲಾರೆ. ಕಾಡುವುದು ಇಷ್ಟೇ: ನಾನು ಎರಡನೆಯ ಪ್ರಶ್ನೆ ಕೇಳಲಿಲ್ಲ. ಹುಡುಗ ಎಂಥವನು, ಮಾತು ಹೇಗೆ, ಹುಡುಗಿ ಏನಂದಳು, ಒಂದನ್ನೂ ಕೇಳಲಿಲ್ಲ. ಮೊದಲ ಪ್ರಶ್ನೆಗೇ ನನಗೆ ಬೇಕಾದ ಉತ್ತರವೆಲ್ಲ ಸಿಕ್ಕಿಬಿಟ್ಟಿತ್ತು.

ನೀವೂ ನಿಮ್ಮ ಮನೆಯ ಹೆಣ್ಣುಮಕ್ಕಳ ಸಂಬಂಧ ನೋಡುವಾಗಿನ ಮಾತುಗಳನ್ನು ನೆನೆಸಿಕೊಂಡರೆ ನನ್ನನ್ನು ತೀರ ಬೈಯಲಾರಿರಿ. ಹೆಣ್ಣು ಹೆತ್ತವರ ಭಯ ಸುಳ್ಳಲ್ಲ. ಷೆಡ್ಡಿನ ಕೆಲಸಕ್ಕೆ ಇಎಸ್‌ಐ ಇಲ್ಲ, ರಜೆಯಿಲ್ಲ. ಜಾಕ್ ಜಾರಿ ಗಾಡಿ ಮೈಮೇಲೆ ಬಂದರೆ ಕೇಳುವವರಿಲ್ಲ. ಭದ್ರತೆ ಬೇಕೆನ್ನುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನಾವು ಭದ್ರವೆಂದು ನಂಬಿದ್ದೇನಾಯಿತು? ನನ್ನ ಮದುವೆಯ ಕಾಲಕ್ಕೆ ನಮ್ಮ ಕಡೆ ಎಚ್‌ಎಂಟಿ ಹುಡುಗನೆಂದರೆ ಅವನ ಮುಂದೆ ಬ್ಯಾಂಕಿನವನೂ ಸಪ್ಪೆ. ಜಾಲಹಳ್ಳಿಯ ಆ ಕಾರ್ಖಾನೆಯಲ್ಲಿ 1961ರಿಂದ ಕೈಗಡಿಯಾರ ತಯಾರಾಗುತ್ತಿತ್ತು. ತುಮಕೂರಿನಲ್ಲೂ ಒಂದು ಘಟಕವಿತ್ತು. 2016ರಲ್ಲಿ ಸರ್ಕಾರ ಗಡಿಯಾರದ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ಹುಡುಗಿಯರಾದ ನಮಗೆ ಆಗ ಭದ್ರತೆ ಎಂದರೆ ಟೈಪಿಂಗು. ಬಿಎ ಓದುವಾಗ ಸಂಜೆ ನಾನೂ ಇನ್‌ಸ್ಟಿಟ್ಯೂಟಿಗೆ ಹೋಗಿ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದ್ದೆ. ಹತ್ತು ವರ್ಷದಲ್ಲಿ ಆ ಯಂತ್ರಗಳೆಲ್ಲ ಗುಜರಿಗೆ ಹೋದವು. ನನ್ನ ಜೊತೆ ಕಲಿತ ಇಬ್ಬರು ಅದೇ ಬೆರಳುಗಳನ್ನು ಹಿಡಿದು ಡಿಟಿಪಿಗೆ ಹೋದರು, ಅಂಗಡಿ ಮಾಡಿದರು. ಮೂರನೆಯವಳು ಯಂತ್ರದ ಜೊತೆಗೇ ಮನೆಗೆ ಬಂದಳು. ಅವಳ ಬೆರಳು ನಿಧಾನವಾಗಿತ್ತು ಎಂದೇನಲ್ಲ. ಹೊಸದನ್ನು ಕಲಿಯಲು ಆರು ತಿಂಗಳು ಸಂಬಳವಿಲ್ಲದೆ ಇರುವ ಅನುಕೂಲ ಅವಳ ಮನೆಯಲ್ಲಿರಲಿಲ್ಲ.

ಆ ಹುಡುಗನಿಗೆ ಈಗ ಹದಿನಾರು. ಮೂವತ್ತರವರೆಗೆ ಡೀಸೆಲ್ ಅವನನ್ನು ಸಾಕಬಹುದು. ನಲವತ್ತಕ್ಕೆ ಏನು ಎಂಬುದನ್ನು ಮೇಸ್ತ್ರಿಯೂ ಹೇಳಲಾರರು, ನಾನೂ ಹೇಳಲಾರೆ. ಹಾಗೆ ನೋಡಿದರೆ ಕಂಪ್ಯೂಟರೇ ಪ್ರೋಗ್ರಾಂ ಬರೆಯುವ ಈ ಕಾಲದಲ್ಲಿ ನನ್ನ ಮಗನ ನಲವತ್ತೂ ಅಷ್ಟೇ ಮಸುಕು. ಅವನು ಫೋನಿನಲ್ಲಿ ಅದನ್ನೇ ಹೇಳಿದರೆ ನಾನು ಮಾತು ಬದಲಾಯಿಸುತ್ತೇನೆ.

ಇದರಲ್ಲಿ ಇನ್ನೊಂದು ತೊಡಕಿದೆ. ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ನಮ್ಮ ಶಾಲೆಯಲ್ಲಿ ಇನ್‌ಹೇಲರ್ ಇಟ್ಟುಕೊಂಡು ಬರುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಹೊಗೆಯಿಲ್ಲದ ಬಸ್ಸು ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಮೊದಲ ಸಲ ಆ ಬಸ್ಸು ಸದ್ದಿಲ್ಲದೆ ಬಂದು ನಿಂತಾಗ ಖುಷಿಯಿಂದ ಹತ್ತಿದವಳೇ ನಾನು. ಒಬ್ಬ ಶಿಷ್ಯನ ಉಸಿರಿಗೆ ಒಳ್ಳೆಯದಾದದ್ದು ಇನ್ನೊಬ್ಬ ಶಿಷ್ಯನ ಅನ್ನಕ್ಕೆ ಕುತ್ತಾದರೆ ಟೀಚರಾದವಳು ಯಾರ ಕಡೆ ನಿಲ್ಲಬೇಕು? ಬಸ್ಸು ಬೇಡವೆನ್ನುವುದು ಮೂರ್ಖತನ. ಆ ಇನ್ನೊಬ್ಬನು ಹೇಗಾದರೂ ಬದುಕಿಕೊಳ್ಳುತ್ತಾನೆ ಬಿಡು ಎನ್ನುವುದೂ ನ್ಯಾಯವಲ್ಲ. ಆ ಹೊಗೆಯನ್ನು ನಮ್ಮೆಲ್ಲರಿಗಿಂತ ಹತ್ತಿರದಿಂದ ಕುಡಿದವನು ಅವನೇ. ಐಟಿಐಗಳಲ್ಲಿ ಈಗ ವಿದ್ಯುತ್ ವಾಹನದ ಮೆಕ್ಯಾನಿಕ್ ಎಂದೇ ಎರಡು ವರ್ಷದ ತರಬೇತಿ ಬಂದಿದೆ. ಹದಿನಾರರ ಹುಡುಗ ಅಲ್ಲಿಗೆ ಹೋಗಬಹುದು. ಗ್ಯಾರೇಜಿನ ಒಳಗೆ ಬಗ್ಗಿ ಕೂತಿರುವ ನಲವತ್ತೈದರವರನ್ನು ಯಾರು ಅಲ್ಲಿಗೆ ಕರೆಯುತ್ತಾರೋ ನಾನರಿಯೆ.

ಭಾನುವಾರ ತಾಯಿ ಮಗ ಬಂದರು. ಕೂರಿಸಿ, ಗೊತ್ತಾದದ್ದನ್ನೆಲ್ಲ ಹೇಳಿದೆ. ಒಂದು ವರ್ಷದ ಕೋರ್ಸು, ಎರಡು ವರ್ಷದ ಕೋರ್ಸು, ಸ್ಕ್ಯಾನರು, ಗುತ್ತಿಗೆ ಬಸ್ಸು, ಹೊಗೆ, ಯಾವುದನ್ನೂ ಬಿಡಲಿಲ್ಲ. ಇಂಗ್ಲಿಷ್ ಓದಲು ವಾರಕ್ಕೆರಡು ಸಂಜೆ ನನ್ನ ಹತ್ತಿರ ಬರಲಿ ಎಂದೂ ಹೇಳಿದೆ. ಮುಂದೆ ಹೆಣ್ಣು ಕೊಡುವವರು ಮೂಗು ಮುರಿಯುತ್ತಾರೆ ಎಂಬುದನ್ನು ಹೇಳುವಾಗ ಹುಡುಗ ಕಿವಿಯವರೆಗೂ ಕೆಂಪಾದ. ಆಕೆ ನಕ್ಕರು. ‘ನಂಗೂ ಒಬ್ಬಳು ಮಗಳಿದ್ದಾಳಲ್ಲ ಮಿಸ್, ಏಳನೇ ಕ್ಲಾಸು. ಅವಳಿಗೆ ನಾನೂ ಮೆಕ್ಯಾನಿಕ್ ನೋಡಲ್ಲ.’ ಹಾಗೆಂದವರು ತಾವೇ ಅವಾಕ್ಕಾದಂತೆ ಒಂದು ಗಳಿಗೆ ಸುಮ್ಮನೆ ಕೂತರು. ಆಮೇಲೆ ಕೇಳಿದರು: ‘ನಿಮ್ಮ ಮಗನಾಗಿದ್ರೆ ಹಾಕ್ತಿದ್ರಾ?’

ತಂಗಿಯ ಮಗಳ ಸಂಬಂಧದ ವಿಷಯವನ್ನೂ, ನನ್ನ ಮಗನ ಡಿಪ್ಲೊಮಾದ ವಿಷಯವನ್ನೂ ಹೇಳಿದೆ. ‘ಇಲ್ಲ, ಹಾಕ್ಲಿಲ್ಲ’ ಎಂದೆ. ‘ಆಗ ನನಗೆ ಅಷ್ಟೇ ತಿಳೀತಿದ್ದದ್ದು. ಈಗಾಗಿದ್ರೆ ಹಾಕ್ತಿದ್ದೆ ಅಂತ ಹೇಳೋಕೂ ನನಗೆ ಧೈರ್ಯ ಸಾಲದು.’

ಅವರು ಬೇಸರ ಮಾಡಿಕೊಳ್ಳುತ್ತಾರೆಂದುಕೊಂಡಿದ್ದೆ. ಕಾಫಿ ಲೋಟ ಕೆಳಗಿಟ್ಟು ಮಗನ ಕಡೆ ತಿರುಗಿ, ‘ಕೇ��ಿಸ್ಕೊಂಡ್ಯಾ? ಅವರು ಬೇಕು ಅಂತ್ಲೂ ಹೇಳ್ಲಿಲ್ಲ, ಬೇಡ ಅಂತ್ಲೂ ಹೇಳ್ಲಿಲ್ಲ. ಈಗ ನೀನು ಹೇಳು’ ಎಂದರು.

ಹುಡುಗ ನೆಲ ನೋಡುತ್ತಾ, ‘ಅರ್ಜಿ ಹಾಕೋಕೆ ಮಂಗಳವಾರ ಕೊನೇ ದಿನ’ ಎಂದ.

ಎರಡು ವರ್ಷದ ಕೋರ್ಸಿಗೇ ಸೇರಿದ. ಈಗ ಎರಡನೆಯ ವರ್ಷ. ಸಂಜೆ ಇಂಗ್ಲಿಷಿಗೆ ಬರುತ್ತಾನೆ. ಪುಸ್ತಕ ಮುಟ್ಟುವ ಮುಂಚೆ ನಮ್ಮ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುತ್ತಾನೆ. ಸೋಪು ಬೇಗ ಮುಗಿಯುತ್ತದೆಂದು ನಮ್ಮ ಮನೆಯವರು ಮರದ ಹೊಟ್ಟು ತಂದಿಟ್ಟಿದ್ದಾರೆ. ಅವನ ತಾಯಿ ರಸ್ತೆಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾರೆ. ಅವರಪ್ಪ ಮಾತ್ರ ದಿನಸಿ ಅಂಗಡಿಯಲ್ಲಿ ಎದುರಾದರೆ ಈಗಲೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ.